ನೀರು ಇಳಿದ ಮೇಲೆ ಅತ್ತಿವೇರಿಗೆ ಹೋಗಿ

ಡ್ಯಾಂ ಅಂದರೆ ನಮ್ಮ ಕಡೆ ಎಲ್ಲರೂ ಓಡುವುದು ಅದು ತುಂಬಿದಾಗ. ಪೇಪರಿನಲ್ಲಿ ‘ಜಲಾಶಯ ಭರ್ತಿ’ ಅಂತ ಬಂದರೆ ಮುಗಿಯಿತು, ಮುಂದಿನ ಭಾನುವಾರ ಎರಡು ಓಮ್ನಿ, ಒಂದು ಟೆಂಪೋ, ಮಂಡಕ್ಕಿ ಚೀಲ. ನಾನೂ ಹಾಗೇ ಹೋದವಳು. ಮುಂಡಗೋಡದ ಹತ್ತಿರದ ಅತ್ತಿವೇರಿ ಡ್ಯಾಮಿಗೆ, ಅಲ್ಲಿನ ಪಕ್ಷಿಧಾಮಕ್ಕೆ, ಮೊದಲ ಸಲ ಹೋಗಿದ್ದು ಅಕ್ಟೋಬರಿನಲ್ಲಿ, ಮಧ್ಯಾಹ್ನ ಹನ್ನೆರಡು ಗಂಟೆಗೆ, ಒಟ್ಟು ಹನ್ನೊಂದು ಜನ. ಕಂಡದ್ದು ಬಿಸಿಲಿಗೆ ತಗಡಿನ ಹಾಗೆ ಹೊಳೆಯುವ ನೀರು. ನಡುವೆ ಮುಳುಗಿದ ಮರಗಳ ಮೇಲೆ ಒಂದಿಷ್ಟು ಬಿಳಿ ಚುಕ್ಕಿ, ಕರಿ ಚುಕ್ಕಿ. ನಮ್ಮ ಅತ್ತಿಗೆ ಹಣೆಗೆ ಕೈ ಅಡ್ಡ ಹಿಡಿದು ಐದು ನಿಮಿಷ ನೋಡಿ, “ಯಂಗೆ ಎಂತೂ ಕಾಣ್ತಿಲ್ಲೆ ಮಾರಾಯ್ತಿ” ಅಂದು ಕಾರಿನೊಳಗೆ ಹೋಗಿ ಕುಳಿತಳು. ಅವಳದ್ದು ತಪ್ಪಲ್ಲ. ನಾವು ಹೋದ ತಿಂಗಳೂ ಸರಿ ಇರಲಿಲ್ಲ, ಹೊತ್ತೂ ಸರಿ ಇರಲಿಲ್ಲ, ಹನ್ನೊಂದು ಜನರಂತೂ ಬೇಡವೇ ಬೇಡ.

ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ನಾನು ಸಿರ್ಸಿಯಲ್ಲಿ ಬಟ್ಟೆ ಹೊಲಿಯುವವಳು. ಹಕ್ಕಿ ಬಗ್ಗೆ ಓದಿದವಳಲ್ಲ. ಆದರೆ ದಿನವಿಡೀ ಸೂಜಿ ಕಣ್ಣು ನೋಡುವವಳಿಗೆ ದೂರದಲ್ಲಿ ಏನಾದರೂ ನೋಡುವ ಆಸೆ ಇರುತ್ತದೆ, ಅಲ್ವಾ? ಈಗ ಕಟ್ಟಿಂಗ್‌ಗೆ ಬರುವವರು, ಬ್ಲೌಸ್ ಒಯ್ಯಲು ಬರುವವರು “ಅತ್ತಿವೇರಿಗೆ ಯಾವಾಗ ಹೋಗಬೇಕು, ಹೇಗೆ ಹೋಗಬೇಕು” ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಮೊದಲಿಗೆ ತಿಂಗಳ ವಿಷಯ. ಅತ್ತಿವೇರಿ ಕರೆಂಟು ತಯಾರಿಸುವ ಡ್ಯಾಂ ಅಲ್ಲ, ಗದ್ದೆಗೆ ನೀರು ಕೊಡುವ ಡ್ಯಾಂ. ಮಳೆಗಾಲದಲ್ಲಿ ತುಂಬುತ್ತದೆ, ಆಮೇಲೆ ಕಾಲುವೆಗೆ ಬಿಟ್ಟ ಹಾಗೆ, ಬಿಸಿಲಿಗೆ ಆರಿದ ಹಾಗೆ ಇಳಿಯುತ್ತ ಹೋಗುತ್ತದೆ. ನೀರಲ್ಲಿ ನಿಂತು ಮೀನು, ಸಿಗಡಿ, ಹುಳ ಹೆಕ್ಕುವ ಹಕ್ಕಿಗೆ ಬೇಕಾದದ್ದು ಮೊಣಕಾಲಷ್ಟು ನೀರು. ನಮ್ಮ ಮೊಣಕಾಲಲ್ಲ, ಅದರ ಮೊಣಕಾಲು. ಡ್ಯಾಂ ತುಂಬಿ ದಡದ ಹುಲ್ಲಿಗೆ ನೀರು ಮುಟ್ಟಿದ್ದರೆ ಅವು ನಿಲ್ಲುವುದೆಲ್ಲಿ? ಡಿಸೆಂಬರ್ ಹೊತ್ತಿಗೆ ನೀರು ಹಿಂದೆ ಸರಿದು ಅಂಚಿನಲ್ಲಿ ಕೆಸರಿನ ಪಟ್ಟಿ ಏಳುತ್ತದೆ. ಸೀರೆಗೆ ಅಂಚು ಹಾಕಿದ ಹಾಗೆ. ಹಕ್ಕಿಗಳೆಲ್ಲ ಇರುವುದು ಆ ಅಂಚಿನಲ್ಲಿ. ಹಾಗಾಗಿ ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಹೋಗಿ. ಉತ್ತರದಿಂದ ಚಳಿಗಾಲ ಕಳೆಯಲು ಬರುವ ಬಾತುಗಳು, ಸಿಪಿಲೆಗಳು ಕೂಡ ಆಗಲೇ ಇರುವುದು.

ಗೂಡು, ಮರಿ ನೋಡಬೇಕು ಅನ್ನುವವರ ಲೆಕ್ಕ ಬೇರೆ. ಕೊಕ್ಕರೆ ಜಾತಿಯವು ಮಳೆ ಹಿಡಿದ ಮೇಲೆ, ನೀರು ಸುತ್ತುವರಿದ ಮರಗಳಲ್ಲಿ ಗೂಡು ಕಟ್ಟುತ್ತವೆ. ಸುತ್ತ ನೀರಿದ್ದರೆ ಬೆಕ್ಕು, ನಾಯಿಯ ಕಾಟ ಕಡಿಮೆ. ಅದನ್ನು ಹತ್ತಿರದಿಂದ ನೋಡಲು ಅತ್ತಿವೇರಿಗಿಂತ ಗುಡವಿ ಸುಲಭ. ಗುಡವಿ ಇರುವುದು ಸೊರಬ ತಾಲ್ಲೂಕಿನಲ್ಲಿ, ನಮ್ಮ ಬನವಾಸಿ ದಾಟಿ ಹೋದರಾಯಿತು. ಮಳೆಯಲ್ಲಿ ಕೊಡೆ ಹಿಡಿದು ಹೋಗಬೇಕು, ಉಂಬಳಕ್ಕೆ ರಕ್ತ ಕೊಡಬೇಕು, ಅಷ್ಟೇ.

ಇನ್ನು ದಾರಿ. ಸಿರ್ಸಿಯಿಂದ ಮುಂಡಗೋಡ ಸುಮಾರು 50 ಕಿ.ಮೀ. ಅಲ್ಲಿಂದ ಅತ್ತಿವೇರಿ ಇನ್ನೊಂದು 15. ಹುಬ್ಬಳ್ಳಿ ಕಡೆಯಿಂದ ಬರುವವರಿಗೂ 40 ಚಿಲ್ಲರೆ ಕಿ.ಮೀ. ಮಾತ್ರ. ಭಾನುವಾರ ಅಲ್ಲಿ ಹುಬ್ಬಳ್ಳಿಯವರು ಜಾಸ್ತಿ ಕಾಣುವುದು ಅದಕ್ಕೇ. ಸಾಧ್ಯ ಇದ್ದರೆ ವಾರದ ದಿನ ಹೋಗಿ. ನಾನು ಅಂಗಡಿಗೆ ರಜೆ ಹಾಕುವುದೇ ಬುಧವಾರ. ಬಸ್ಸಿಗೆ ಹೋಗುವವರು ಮುಂಡಗೋಡದ ಮೇಲೆ ಹೋಗುವ ಹುಬ್ಬಳ್ಳಿ ಬಸ್ಸು ಹತ್ತಿ. ಹೆಂಗಸರಿಗೆ ಹೇಗೂ ಟಿಕೆಟ್ ಇಲ್ಲ. ಮುಂಡಗೋಡದಲ್ಲಿ ಆಟೋ ಮಾಡಿಕೊಳ್ಳಿ. ಆದರೆ ಬರೀ ಹೋಗುವುದಕ್ಕೆ ಮಾತಾಡಬೇಡಿ. ತಿರುಗಿ ಎಷ್ಟು ಗಂಟೆಗೆ ಬರಬೇಕು ಅಂತ ಮೊದಲೇ ಹೇಳಿ, ಅರ್ಧ ದುಡ್ಡು ಕೈಯಲ್ಲಿಟ್ಟುಕೊಳ್ಳಿ. ಒಂದು ಸಲ ನಾನು ಪೂರ್ತಿ ಕೊಟ್ಟು ಕಳಿಸಿ, ಸಂಜೆ ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ಕುಳಿತು ಮುಂಡಗೋಡ ಮುಟ್ಟಿದ್ದೇನೆ.

ಕಾರಿದ್ದರೆ ಬೇಗ ಹೊರಡಿ. ಎಕ್ಕಂಬಿ ದಾಟಿ ಮಳಗಿಗೆ ಬಂದರೆ ಅಲ್ಲೇ ಧರ್ಮಾ ಜಲಾಶಯ ಇದೆ. ಅದರ ನೀರು ಹೋಗುವುದು ಹಾನಗಲ್ ಕಡೆಯ ಗದ್ದೆಗಳಿಗೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಆರೂವರೆಗೆ ಅಲ್ಲಿ ನಿಂತರೆ ನೀರಿನ ಮೇಲೆ ಮಂಜು ಹೊಗೆಯಾಡುತ್ತಿರುತ್ತದೆ. ಫ್ಲಾಸ್ಕಿನ ಚಾ ಅಲ್ಲೇ ಕುಡಿಯಿರಿ. ಅತ್ತಿವೇರಿ ಪಕ್ಷಿಧಾಮ, ಅರಣ್ಯ ಇಲಾಖೆಯದ್ದು, ಗೇಟು ತೆರೆಯುವವರೆಗೆ ಒಳಗೆ ಬಿಡುವುದಿಲ್ಲ. ಗೇಟಿನ ಸಮಯವೂ ಟಿಕೆಟ್ ದರವೂ ಆಗಾಗ ಬದಲಾಗುತ್ತವೆ, ಹಾಗಾಗಿ ಹಿಂದಿನ ದಿನವೇ ಮುಂಡಗೋಡದಲ್ಲಿ ವಿಚಾರಿಸಿಕೊಳ್ಳಿ. ತೆರೆದ ಮೊದಲ ಗಂಟೆ ಮತ್ತು ಮುಚ್ಚುವ ಮುಂಚಿನ ಎರಡು ಗಂಟೆ, ಇವೆರಡೇ ಹೊತ್ತು ಲೆಕ್ಕಕ್ಕೆ. ಮಧ್ಯಾಹ್ನ ಬಿಸಿಲಿನ ಝಳಕ್ಕೆ ಎಲ್ಲವೂ ಕುದಿಯುವ ನೀರಿನೊಳಗಿಂದ ನೋಡಿದ ಹಾಗೆ ಅಲುಗಾಡುತ್ತದೆ. ಎಷ್ಟು ದುಬಾರಿ ದುರ್ಬೀನು ತಂದರೂ ಅದು ಹೋಗುವುದಿಲ್ಲ.

ಸೂರ್ಯ ನಿಮ್ಮ ಬೆನ್ನಿಗಿರಬೇಕು. ಇದೊಂದು ತಿಳಿದರೆ ಅರ್ಧ ಕೆಲಸ ಆಯಿತು. ಸೂರ್ಯ ಎದುರಿಗಿದ್ದರೆ ಬಿಳಿ ಕೊಕ್ಕರೆಯೂ ಕಪ್ಪು, ನೀರುಕಾಗೆಯೂ ಕಪ್ಪು. ಬೆಳಿಗ್ಗೆ ಪೂರ್ವದ ದಡ ಹುಡುಕಿ, ಸಂಜೆ ಪಶ್ಚಿಮದ್ದು. ಸುಮ್ನೆ ಎಲ್ಲರೂ ನಿಲ್ಲುವ ಕಡೆ ನಿಲ್ಲಬೇಡಿ.

ಬಟ್ಟೆ ಬಗ್ಗೆ ಹೇಳದಿದ್ದರೆ ನಾನು ಎಂತ ಟೇಲರ್! ಮಾಸಲು ಹಸಿರು, ಮಣ್ಣಿನ ಬಣ್ಣ, ಕೋರಾ ಕಾಟನ್, ಯಾವುದಾದರೂ ಆದೀತು. ಅಚ್ಚ ಬಿಳಿ ಬೇಡ, ಅದು ಕೆಂಪಿಗಿಂತ ಕೆಟ್ಟದ್ದು. ಜರಿ, ಮಿಣುಕು ಮಣಿ ಮನೆಯಲ್ಲಿರಲಿ. ಬಣ್ಣಕ್ಕಿಂತ ನಾನು ಜಾಸ್ತಿ ನೋಡುವುದು ಸದ್ದು. ಸಿಂಥೆಟಿಕ್ ಜಾಕೆಟ್ ಹಾಕಿಕೊಂಡು ಕೈ ಎತ್ತಿದರೆ ಸರ್ ಬುರ್ ಅನ್ನುತ್ತದೆ. ಹಳೆಯ ಕಾಟನ್ ಎಷ್ಟು ತೊಳೆದಿದ್ದರೆ ಅಷ್ಟು ಒಳ್ಳೆಯದು. ಪ್ಯಾಂಟೋ ಸಲ್ವಾರೋ ಪಾದದವರೆಗೆ ಇರಲಿ, ಅದನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಚೆಂದ ಕಾಣುವುದಿಲ್ಲ, ಗೊತ್ತು. ರಕ್ತ ಹೀರುವ ಉಣುಗು ಹತ್ತಬಾರದು ಅಂತ ಹೇಳುತ್ತಿದ್ದೇನೆ.

ಉಣುಗಿನ ಮಾತು ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಸಿರ್ಸಿ, ಸಿದ್ದಾಪುರ, ಸೊರಬದವರಿಗೆ ಮಂಗನ ಕಾಯಿಲೆ ಹೊಸತಲ್ಲ. ಅದು ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಮಳೆ ಮುಗಿದು ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಅಂದರೆ ಹಕ್ಕಿ ನೋಡುವ ಕಾಲವೂ ಅದೇ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕಾಲಿಗೆ ಹಚ್ಚಿಕೊಳ್ಳಿ. ದರಕಿನ ಮೇಲೆ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಕೂರಬೇಡಿ, ಚಾಪೆ ಒಯ್ಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸಿ. ಮನೆಗೆ ಬಂದ ಮೇಲೆ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಮಂಡಿಯ ಹಿಂದೆ, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಜಾಗ ಸರಿಯಾಗಿ ನೋಡಿಕೊಳ್ಳಿ. ಆಮೇಲೆ ಜ್ವರ ಬಂದರೆ ಡಾಕ್ಟರ ಹತ್ತಿರ “ಕಾಡಿನ ಕಡೆ ಹೋಗಿದ್ದೆ” ಅಂತ ನೀವಾಗಿಯೇ ಹೇಳಿ. ಹೆದರಿ ಮನೆಯಲ್ಲಿ ಕೂರುವಂಥದ್ದು ಏನಿಲ್ಲ.

ದುರ್ಬೀನಿಲ್ಲದೆ ಹೋಗಬೇಡಿ. ಕೊಳ್ಳುವುದಾದರೆ 8×42 ಅಂತ ಬರೆದದ್ದು ಕೊಳ್ಳಿ. 8 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು 20 ಪಟ್ಟಿನದ್ದು ತೋರಿಸಿ ಮರುಳು ಮಾಡುತ್ತಾರೆ. ಪಟ್ಟು ಹೆಚ್ಚಾದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಹಳೆ ಜೀನ್ಸಿನ ಒಂದು ಕಾಲು ಗೇಣುದ್ದ ಕತ್ತರಿಸಿ, ಒಂದು ಬದಿ ಹೊಲಿದು, ಮುಕ್ಕಾಲು ಭಾಗ ಅಕ್ಕಿ ತುಂಬಿ, ಇನ್ನೊಂದು ಬದಿಯೂ ಹೊಲಿಯಿರಿ. ಪೂರ್ತಿ ತುಂಬಬೇಡಿ, ನಡುವೆ ತಗ್ಗು ಬೀಳಬೇಕು. ಕಟ್ಟೆಯ ಮೇಲೋ ಮಡಚಿದ ಮೊಣಕಾಲ ಮೇಲೋ ಇದನ್ನಿಟ್ಟು ಅದರ ಮೇಲೆ ದುರ್ಬೀನು ಇಡಿ, ಕೈ ನಡುಕ ನಿಂತಿತು. ಮೊಬೈಲಿಗೂ ಇದೇ ಸ್ಟ್ಯಾಂಡ್.

ಅತ್ತಿಗೆಗೆ ದುರ್ಬೀನು ಕಲಿಸಲು ಒಂದು ಇಡೀ ಬೆಳಗು ಬೇಕಾಯಿತು. ಅವಳು ಮೊದಲು ದುರ್ಬೀನನ್ನು ಕಣ್ಣಿಗೆ ಹಚ್ಚಿ, ಆಮೇಲೆ ಹಕ್ಕಿ ಹುಡುಕುತ್ತಿದ್ದಳು. ಆಕಾಶ, ನೀರು, ಆಕಾಶ, ನನ್ನ ಕಿವಿ. ಹಾಗಲ್ಲ. ಮೊದಲು ಬರಿಗಣ್ಣಿನಲ್ಲಿ ಹಕ್ಕಿ ಹಿಡಿಯಿರಿ. ಕಣ್ಣು ಅಲ್ಲೇ ಇರಲಿ, ರೆಪ್ಪೆ ಕೂಡ ಆಚೆ ಈಚೆ ಬೇಡ. ದುರ್ಬೀನು ತಾನಾಗಿ ಕಣ್ಣಿಗೆ ಏರಿ ಬರಲಿ. ಕನ್ನಡಕದವರು ಹಿಂಬದಿಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಕೊಳವೆಯೊಳಗಿಂದ ನೋಡಿದ ಹಾಗಾಗುತ್ತದೆ. ಹತ್ತನೇ ಸಲಕ್ಕೆ ಅವಳಿಗೆ ಒಂದು ಬೆಳ್ಳಕ್ಕಿ ಸಿಕ್ಕಿತು. ಬರೀ ಬೆಳ್ಳಕ್ಕಿ! ಮನೆ ಹಿಂದಿನ ಗದ್ದೆಯಲ್ಲಿ ದಿನಾ ನೋಡುವಂಥದ್ದು. “ಅದರ ಕಣ್ಣು ಹಳದಿ” ಅಂದಳು, ದುರ್ಬೀನು ಇಳಿಸದೆ.

ಆಮೇಲೆ ಕುಳಿತುಕೊಳ್ಳಿ. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು. ಹಕ್ಕಿ ಇರುವಲ್ಲಿಗೆ ನಡೆದು ಹೋದರೆ ಅದು ಹಾರುತ್ತದೆ. ಇನ್ನೂರು ಹೆಜ್ಜೆ ಆಚೆ ಕೂರುತ್ತದೆ. ನೀವು ಮತ್ತೆ ಹೋಗುತ್ತೀರಿ, ಅದು ಮತ್ತೆ ಹಾರುತ್ತದೆ. ಹೊಟ್ಟೆಗೆ ಹುಡುಕುವ ಹೊತ್ತು ಅದಕ್ಕೂ ಹಾಳು, ನಿಮಗೂ ಅದರ ಹಿಂಭಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದರ ಬದಲು ಕೆಸರಿನ ಅಂಚು ಕಾಣುವ ಒಂದು ಮರದ ನೆರಳಲ್ಲಿ ಚಾಪೆ ಹಾಸಿ ಕೂರಿ. ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ಹೆಚ್ಚಿನವರು ಎದ್ದು ಹೋಗುವುದು ಹತ್ತೊಂಬತ್ತನೇ ನಿಮಿಷಕ್ಕೆ.

ಅತ್ತಿವೇರಿಯ ವಿಶೇಷ ಚಮಚ ಕೊಕ್ಕು. ಹೆಸರೇ ಹೇಳುತ್ತದಲ್ಲ, ಕೊಕ್ಕಿನ ತುದಿ ಅನ್ನದ ಚಟ್ಟುಗದ ಹಾಗೆ ಅಗಲ. ದೂರದಿಂದ ನೋಡಿದರೆ ಇನ್ನೊಂದು ಬಿಳಿ ಕೊಕ್ಕರೆ ಅಷ್ಟೇ. ಗುರುತು ಹಿಡಿಯಬೇಕಾದದ್ದು ಕೆಲಸದಿಂದ. ಬೆಳ್ಳಕ್ಕಿ ಅಲುಗದೆ ನಿಂತು ಹೊಂಚು ಹಾಕುತ್ತದೆ. ಚಮಚ ಕೊಕ್ಕು ಹಾಗಲ್ಲ. ಕೊಕ್ಕನ್ನು ಅರೆ ತೆರೆದು ನೀರಿಗೆ ಅದ್ದಿ, ತಲೆಯನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಬೀಸುತ್ತ ನಡೆಯುತ್ತದೆ. ನೆಲ ಒರೆಸುವವರ ಕೈ ಹೇಗೆ ಹೋಗುತ್ತದೋ ಹಾಗೆ. ಕಣ್ಣಿಂದ ಹುಡುಕುವುದಲ್ಲ ಅದು, ಕೊಕ್ಕಿನ ಒಳಮೈಗೆ ಏನಾದರೂ ತಾಗಿದ ಕೂಡಲೇ ಟಪ್ ಅಂತ ಮುಚ್ಚುತ್ತದೆ. ಹೋದ ಜನವರಿಯಲ್ಲಿ ಏಳು ಹಕ್ಕಿ ಒಂದೇ ಸಾಲಿನಲ್ಲಿ ಬೀಸುತ್ತ ನಮ್ಮ ಎದುರಿಗೇ ಬಂದವು. ದುರ್ಬೀನು ಬೇಡ ಅನ್ನುವಷ್ಟು ಹತ್ತಿರ. ಕೊಕ್ಕು ಕಪ್ಪು, ತುದಿಗೆ ಹಳದಿ ಬಣ್ಣದ ಬೊಟ್ಟು. ಬೀಸುವ ಸದ್ದು ಕೂಡ ಕೇಳುತ್ತಿತ್ತು, ಹುಳಿ ಪಾತ್ರೆಯಲ್ಲಿ ಸೌಟು ತಿರುಗಿಸಿದ ಹಾಗೆ ಸಣ್ಣದು. ನಾವು ಕುಳಿತು ಆಗಲೇ ಒಂದೂವರೆ ಗಂಟೆ ಆಗಿತ್ತು. ಅವುಗಳ ಲೆಕ್ಕದಲ್ಲಿ ನಾವಾಗಲೇ ಎರಡು ಧರೆ ಕಲ್ಲು.

ಉಳಿದವನ್ನು ಬೇಗ ಹೇಳುತ್ತೇನೆ. ಬಿಳಿ ಮೈ, ಕಪ್ಪು ಬೋಳು ತಲೆ, ಕುಡುಗೋಲಿನ ಹಾಗೆ ಬಾಗಿದ ಕೊಕ್ಕು ಇದ್ದರೆ ಕೆಂಬರಲು. ಮರದ ಮೇಲೆ ರೆಕ್ಕೆ ಅಗಲಿಸಿ ಒದ್ದೆ ಬಟ್ಟೆ ಹರಗಿದ ಹಾಗೆ ನಿಂತಿದ್ದರೆ ನೀರುಕಾಗೆ. ಅದರ ರೆಕ್ಕೆ ಬಾತಿನ ರೆಕ್ಕೆಯ ಹಾಗಲ್ಲ, ನೀರು ಹೀರಿಕೊಳ್ಳುತ್ತದೆ. ಅದಕ್ಕೇ ಮುಳುಗು ಹಾಕಿ ಬಂದಾಗಲೆಲ್ಲ ಒಣಗಿಸಬೇಕು. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದ ಹಾಗೆ ಕೆಳಗೆ ಬೀಳುವ ಕಪ್ಪು ಬಿಳಿ ಹಕ್ಕಿ ಮಿಂಚುಳ್ಳಿಯಲ್ಲೇ ಒಂದು ಜಾತಿ. ಅದನ್ನು ನೋಡಿದರೆ ಮಕ್ಕಳು ಮೊಬೈಲ್ ಮರೆಯುತ್ತಾರೆ. ಪಟ್ಟೆತಲೆಯ ಹೆಬ್ಬಾತು ನೋಡಬೇಕು, ಹಿಮಾಲಯ ದಾಟಿ ಬರುತ್ತದಂತಲ್ಲ ಅಂತ ಕೆಲವರು ಕೇಳುತ್ತಾರೆ. ಅದಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಹೆಸರು ಗೊತ್ತಾಗದಿದ್ದರೆ ಮೊಬೈಲಿನಲ್ಲಿ ಮೆರ್ಲಿನ್ ಅನ್ನುವ ಆ್ಯಪ್ ಇದೆ, ಕೂಗು ಕೇಳಿಸಿದರೆ ಹೆಸರು ಹೇಳುತ್ತದೆ. ಮನೆಯಲ್ಲೇ ಇಳಿಸಿಕೊಂಡು ಹೋಗಿ. ಆದರೆ ಅದರೊಳಗಿನ ಕೂಗನ್ನು ಅಲ್ಲಿ ಜೋರಾಗಿ ಹಾಕಿ ಹಕ್ಕಿಯನ್ನು ಕರೆಯುವ ಚಾಳಿ ಬೇಡ. ಇಲ್ಲದ ಶತ್ರುವನ್ನು ಹುಡುಕಿ ಅದು ಸುತ್ತುತ್ತಿರುತ್ತದೆ.

ಟಿಟ್ಟಿಭ ಬೈಯುತ್ತ ತಲೆ ಮೇಲೆ ಸುತ್ತಿದರೆ ನಿಂತುಬಿಡಿ. ಫೆಬ್ರುವರಿ ಕಳೆದು ಮಾರ್ಚ್ ಬಂತೆಂದರೆ ಅದು ಬರೀ ನೆಲದ ಮೇಲೆ, ಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ನಾಲ್ಕು ಮೊಟ್ಟೆ, ಕಲ್ಲಿನದ್ದೇ ಬಣ್ಣ. ನಿಮ್ಮ ಕಾಲ ಕೆಳಗೇ ಇರಬಹುದು. ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ.

ಕೆಸರಿನ ಬಗ್ಗೆ ನನ್ನ ಮರ್ಯಾದೆ ಪಕ್ಕಕ್ಕಿಟ್ಟು ಹೇಳುತ್ತೇನೆ. ನೀರು ಇಳಿದ ಜಾಗ ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದ ಹಾಗೆಯೇ ಕಾಣುತ್ತದೆ. ಎಮ್ಮೆ ಹೆಜ್ಜೆ ಇತ್ತು. ಎಮ್ಮೆಯನ್ನೇ ಹೊತ್ತ ನೆಲ ನನ್ನನ್ನು ಹೊರುವುದಿಲ್ಲವಾ ಅಂದುಕೊಂಡೆ. ಅಳಿಯ ಹಿಂದಿನಿಂದ “ಅತ್ತೆ, ಅಲ್ಲಿ ಹೋಗಡ” ಅಂದ. ಫೋಟೋದ ಆಸೆ. ಐದನೇ ಹೆಜ್ಜೆಗೆ ಮೇಲಿನ ಹಪ್ಪಳ ಒಡೆಯಿತು, ಮೊಣಕಾಲವರೆಗೆ ಒಳಗೆ. ಒಳಗಿನ ಕೆಸರು ತಣ್ಣಗೆ, ಕಪ್ಪಗೆ, ಹಳೆ ಕೆರೆಯ ವಾಸನೆ. ಕಾಲು ಎಳೆದಷ್ಟೂ ಇನ್ನೊಂದು ಕಾಲು ಇಳಿಯಿತು. ಅವನು ಚಾಪೆ ಎಸೆದ. ಅದರ ಮೇಲೆ ಎದೆ ಊರಿ, ಮಲಗಿದ ಹಾಗೆ ಮಾಡಿ, ಒಂದೊಂದೇ ಕಾಲು ನಿಧಾನ ಬಿಡಿಸಿಕೊಂಡು ಬಂದೆ. ಒಂದು ಚಪ್ಪಲಿ ಈಗಲೂ ಅಲ್ಲೇ ಇದೆ. ಅಂಥಲ್ಲಿ ಸಿಕ್ಕಿದರೆ ನಿಂತು ಜಗ್ಗಾಡಬೇಡಿ, ಭಾರ ಹರಡುವ ಹಾಗೆ ಮಲಗಿ. ಹೋಗದೇ ಇದ್ದರೆ ಇನ್ನೂ ಒಳ್ಳೆಯದು.

ನೀರಿಗಂತೂ ಇಳಿಯಲೇಬೇಡಿ. ಹೊಳೆಯಲ್ಲಿ ಈಜಿ ಬೆಳೆದವರಿಗೂ ಡ್ಯಾಂ ಬೇರೆ. ಮುಳುಗಿದ ಮರದ ಬೊಡ್ಡೆ, ಒಮ್ಮೆಲೇ ಬೀಳುವ ಆಳ, ಬಲೆ ಚೂರು, ಯಾವುದೂ ಮೇಲಿಂದ ಕಾಣುವುದಿಲ್ಲ. ಕಾರವಾರದ ಕಡೆಯವರು ಕದ್ರಾ, ಸೂಪಾದ ಹಿನ್ನೀರಿಗೆ ಹೋಗುವಾಗ ಇದರ ಎರಡರಷ್ಟು ಎಚ್ಚರ ಬೇಕು. ಅವು ಕಾಳಿ ಹೊಳೆಯ ಕರೆಂಟಿನ ಡ್ಯಾಂಗಳು. ಸೂಪಾ ಒಂದೇ 101 ಮೀಟರ್ ಎತ್ತರ. ಅಲ್ಲಿ ನೀರು ಏರುವುದು ಇಳಿಯುವುದು ಬರೀ ಮಳೆಯ ಲೆಕ್ಕದಲ್ಲಿ ಅಲ್ಲ, ಕರೆಂಟಿನ ಲೆಕ್ಕದಲ್ಲಿಯೂ. ಡ್ಯಾಮಿನ ಕೆಳಗಿನ ಬಂಡೆಗಳ ಮೇಲೆ ಊಟದ ಡಬ್ಬಿ ಬಿಚ್ಚಬೇಡಿ. 2019ರ ಮಳೆಯಲ್ಲಿ ಕದ್ರಾದಿಂದ ಬಿಟ್ಟ ನೀರು ಕೆಳಗಿನ ಊರುಗಳ ಮನೆಯೊಳಗೇ ಬಂದದ್ದನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ.

ಊಟಕ್ಕೆ ನಾವು ಒಯ್ಯುವುದು ತೆಳ್ಳೇವು (ತೆಳ್ಳನೆಯ ದೋಸೆ), ಕಾಯಿ ಚಟ್ನಿ, ಬಾಳೆಎಲೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ. ಆರಿದರೂ ಮೆತ್ತಗಿರುತ್ತದೆ, ತಿನ್ನಲು ಸದ್ದಿಲ್ಲ. ಚಿಪ್ಸ್ ಪ್ಯಾಕೆಟ್ಟಿನ ಪರಪರ ಅರ್ಧ ಡ್ಯಾಮಿಗೆ ಕೇಳುತ್ತದೆ, ಮಂಗನಿಗೆ ಅದು ಕರೆಗಂಟೆ. ಮಜ್ಜಿಗೆ ಒಯ್ಯಿರಿ. ಮಾವಿನಕಾಯಿಯ ಅಪ್ಪೆಹುಳಿ ಮಾತ್ರ ಬೇಡ, ಕುಡಿದರೆ ನಿದ್ದೆ ಎಳೆಯುತ್ತದೆ. ಒಂದು ಸಲ ಒಯ್ದು, ಮೂವರೂ ಮರದಡಿ ಮೂರು ಗಂಟೆಯವರೆಗೆ ನಿದ್ದೆ ಹೊಡೆದೆವು.

ಮಧ್ಯಾಹ್ನ ಹೇಗೂ ಹಕ್ಕಿ ಇಲ್ಲ ಅನ್ನುವವರು ಆ ಹೊತ್ತಿಗೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋಗಿ ಬರಬಹುದು. ಡ್ರೆಪುಂಗ್, ಗಾಡೆನ್ ಮಠಗಳ ದೊಡ್ಡ ಪ್ರಾರ್ಥನಾ ಮಂದಿರಗಳು ಅಲ್ಲಿವೆ. ಹೊರಗಿನ ಹೋಟೆಲುಗಳಲ್ಲಿ ಬಿಸಿ ಮೊಮೊ ಸಿಗುತ್ತದೆ, ತರಕಾರಿಯದ್ದು ಅಂತ ಕೇಳಿ ತೆಗೆದುಕೊಳ್ಳಿ. ಮೂರೂವರೆಗೆ ವಾಪಸ್ ದಡದಲ್ಲಿರಿ.

ಸಂಜೆಯದ್ದೇ ಚೆಂದ. ಹೊಲಗಳಿಗೆ ಹೋಗಿದ್ದ ಗೋವಕ್ಕಿಗಳು ಐದೈದು, ಹತ್ತತ್ತು ಗುಂಪಾಗಿ ನೀರಿಗೆ ತಾಗಿದ ಹಾಗೆ ಹಾರಿ ಬರುತ್ತವೆ. ನಡುನೀರಿನ ಮರದಲ್ಲಿ ಜಾಗಕ್ಕೆ ಜಗಳ ಶುರು. ಹುಬ್ಬಳ್ಳಿ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆಯೇ, ಮೊದಲು ಬಂದವು ಮೇಲಿನ ಕೊಂಬೆಗೆ, ತಡವಾದವು ಕೆಳಗೆ, ಹಿಕ್ಕೆ ಬೀಳುವ ಜಾಗಕ್ಕೆ. ಆದರೂ ಕತ್ತಲಾಗುವವರೆಗೆ ಕೂರಬೇಡಿ. ಭತ್ತ ಕೊಯ್ಯುವ ಕಾಲಕ್ಕೆ ದಾಂಡೇಲಿ ಕಾಡಿನ ಕಡೆಯಿಂದ ಆನೆಗಳು ಯಲ್ಲಾಪುರ, ಮುಂಡಗೋಡದ ಗದ್ದೆಗಳಿಗೆ ಇಳಿಯುತ್ತವೆ. ಹೊರಡುವ ಮುಂಚೆ ಊರವರ ಹತ್ತಿರ ಈ ವಾರ ಎಲ್ಲಿವೆ ಅಂತ ಒಂದು ಮಾತು ಕೇಳಿ, ಅವರಿಗೆ ಗೊತ್ತಿರುತ್ತದೆ.

ಗಾರ್ಡ್ ಸೀಟಿ ಊದಿದರೆ ಏಳಿ, ಚಾಪೆ ಕೊಡವಿ, ಡಬ್ಬಿ ಎಣಿಸಿ. ನಮ್ಮ ಅತ್ತಿಗೆಯನ್ನು ಏಳಿಸಲು ಈಗ ಎರಡು ಸೀಟಿ ಬೇಕು.